ಮೊಣಕಾಲಿನಿಂದ ಒಂದು ಗೇಣು ಮೇಲೆ

ನೀಲಕ್ಕನಿಗೆ ಮುಖಗಳು ನೆನಪಿರುತ್ತಿರಲಿಲ್ಲ, ಭುಜಗಳು ನೆನಪಿರುತ್ತಿದ್ದವು. ಎದುರಿಗೆ ಹೋಗಿ ನಿಂತು ನಕ್ಕರೂ ಯಾರೋ ಏನೋ ಎಂಬಂತೆ ನೋಡುವವಳು, ಒಮ್ಮೆ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬೆನ್ನು ಹಾಕಿ ನಿಂತಿದ್ದ ನನ್ನನ್ನು ಅಷ್ಟು ಜನರ ನಡುವೆ ಹಿಂದಿನಿಂದಲೇ ಗುರುತು ಹಿಡಿದಳು. "ಕಾನ್ವೆಂಟಮ್ಮಾರ, ಎಡಗಡೆ ಭುಜ ಇನ್ನೂ ಅರ್ಧ ಇಂಚು ಇಳಿದೈತಲ್ರಿ. ಒಂದೇ ಬದಿಗೆ ಚೀಲ ಹಾಕ್ಬ್ಯಾಡ್ರಿ ಅಂತ ನೀವು ಆರನೇ ಕ್ಲಾಸಿನಾಗ ಇದ್ದಾಗಿಂದ ಹೇಳಾಕತ್ತೀನಿ." ಸುತ್ತ ಇದ್ದವರೆಲ್ಲ ನನ್ನ ಎಡ ಭುಜವನ್ನು ನೋಡಿದರು. ನಾನು ಸೆರಗು ಹೊದ್ದುಕೊಂಡೆ.

ಅವಳ ತವರು ದಾಸನಕೊಪ್ಪ. ಮದುವೆಯಾಗಿ ಸಿರಸಿಗೆ ಬಂದು, ಒಂದೇ ಬಾಗಿಲಿನ ಅಂಗಡಿಯಲ್ಲಿ ಒಂದು ಮಶೀನು ಇಟ್ಟುಕೊಂಡು ಕೂತವಳು ನಲವತ್ತು ವರ್ಷ ಅಲ್ಲಿಂದ ಏಳಲಿಲ್ಲ. ಊರಿನ ನೀರು ಇಷ್ಟು ವರ್ಷ ಕುಡಿದರೂ ತವರಿನ ಮಾತು ಮಾತ್ರ ಬಿಡಲಿಲ್ಲ. ನಮ್ಮ ಕಾನ್ವೆಂಟಿನ ಯೂನಿಫಾರ್ಮು ಹೊಲಿಯುತ್ತಿದ್ದವಳೂ ಅವಳೇ. ಸಿಸ್ಟರುಗಳು ಜೂನ್ ತಿಂಗಳಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಲಂಗದ ಅಂಚು ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗಿದೆಯೋ ಇಲ್ಲವೋ ಎಂದು ತಮ್ಮದೇ ಬೆರಳು ಇಟ್ಟು ನೋಡುತ್ತಿದ್ದರು. ನೀಲಕ್ಕ ಹೊಲಿದದ್ದನ್ನು ಮಾತ್ರ ನೋಡುತ್ತಿರಲಿಲ್ಲ, ಮುಂದೆ ಹೋಗು ಎನ್ನುತ್ತಿದ್ದರು.

ನಮ್ಮೂರಿನಲ್ಲಿ ಯಾರೂ ಟೇಲರ ಮುಂದೆ ನಿಂತು ಅಳತೆ ಕೊಡುವುದಿಲ್ಲ. ಸರಿಯಾಗಿ ಕೂತ ಒಂದು ಹಳೆಯ ರವಿಕೆಯನ್ನು ಹೊಸ ಬಟ್ಟೆಯ ಜೊತೆ ಸುತ್ತಿ ಕೊಟ್ಟು ಬರುತ್ತೇವೆ. ಅದೇ ಅಳತೆ ರವಿಕೆ. ನೀಲಕ್ಕ ಅದನ್ನು ಬಿಚ್ಚುತ್ತಲೂ ಇರಲಿಲ್ಲ. "ಇದು ಹೋದ ವರ್ಷದ ನೀವು. ಈ ವರ್ಷದ ನೀವು ಇಲ್ಲೇ ನಿಂತೀರಿ. ನಿಮ್ಮನ್ನ ಬಿಟ್ಟು ಇದನ್ಯಾಕ ಅಳೀಲಿ?" ಎಂದು ಪಕ್ಕಕ್ಕೆ ಇಡುತ್ತಿದ್ದಳು. ಆಮೇಲೆ ಒಮ್ಮೆ ಮೇಲಿಂದ ಕೆಳಗೆ ನೋಡುವಳು, ಟೇಪನ್ನು ಸೀರೆಯ ಮೇಲೇ ಎರಡು ಕಡೆ ಇಡುವಳು, ಅಷ್ಟೇ. ಬರೆದುಕೊಳ್ಳುವುದಿಲ್ಲ. ನನ್ನ ಅತ್ತೆಯವರು ಇಪ್ಪತ್ತು ವರ್ಷ ಒಂದೇ ನೇರಳೆ ರವಿಕೆಯನ್ನು ಅಳತೆಗೆಂದು ಕಳಿಸಿದರು, ಇಪ್ಪತ್ತು ವರ್ಷವೂ ಅದು ಕಳಿಸಿದ ಮಡಿಕೆಯಲ್ಲೇ ವಾಪಸು ಬಂತು. ಸೊಕ್ಕಿನ ಹೆಂಗಸು ಎಂದು ಅತ್ತೆ ಬೈಯುತ್ತಿದ್ದರು. ಆದರೆ ಬೇರೆ ಟೇಲರ ರವಿಕೆಯನ್ನು ಮೈಗೆ ಮುಟ್ಟಿಸುತ್ತಿರಲಿಲ್ಲ.

ಅವಳ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಅವಳ ರವಿಕೆಯೇ. ಎಡಬದಿಯ ಟಕ್ಸು, ಎಂದರೆ ಎದೆಯ ಮಡಿಕೆ ಹೊಲಿಗೆ, ಸರಿಯಾಗಿ ಕೂರುತ್ತಿರಲಿಲ್ಲವಂತೆ. ತಾನೇ ಹೊಲಿದದ್ದು ತನಗೇ ಕೂರಲಿಲ್ಲವೆಂದರೆ ಏನರ್ಥ ಎಂದು ಬಿಚ್ಚಿ ಹೊಲಿದಳು. ಮತ್ತೆ ಬಿಚ್ಚಿ ಹೊಲಿದಳು. ಮೂರನೆಯ ಸಲ ಬಟ್ಟೆಯನ್ನೇ ಬದಲಿಸಿದಳು. ಬಟ್ಟೆಯದೂ ತಪ್ಪಿಲ್ಲ, ಕತ್ತರಿಯದೂ ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆಯೇ ಡಾಕ್ಟರ ಹತ್ತಿರ ಹೋದದ್ದು. "ಮೈಯೇ ತಪ್ಪಿದ್ರ ಟೇಲರ್ ಏನ್ ಮಾಡ್ಬೇಕ್ರಿ?" ಎಂದು ಹೇಳಿ ನಕ್ಕಳು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನು ಆಯಿತು. ಆಮೇಲೆ ಕೀಮೋ ಶುರುವಾಯಿತು. ಆಪರೇಷನ್ನಾದ ಬದಿಯ ಕೈಗೆ ಸೂಜಿ ಚುಚ್ಚುವ ಹಾಗಿಲ್ಲ. ಇನ್ನೊಂದು ಕೈಯ ನರಗಳು ಮೊದಲ ಡೋಸಿನ ಉರಿಗೇ ಒಣಗಿ ಹುರಿಯ ಹಾಗಾಗಿದ್ದವು. ಅದಕ್ಕೆ ಕೊರಳ ಮೂಳೆಯ ಕೆಳಗೆ, ಚರ್ಮದ ಒಳಗೇ ಒಂದು ಪುಟ್ಟ ಡಬ್ಬಿ ಕೂರಿಸಿ, ಅದರಿಂದ ಒಂದು ಸಣ್ಣ ಕೊಳವೆಯನ್ನು ಎದೆಯ ದೊಡ್ಡ ರಕ್ತನಾಳಕ್ಕೆ ಇಳಿಸಿದ್ದರು. ನೀಲಕ್ಕ ಅದನ್ನು ಒಳಗುಂಡಿ ಎನ್ನುತ್ತಿದ್ದಳು. "ಹೊರಗ ಕಾಣಂಗಿಲ್ಲ ನೋಡ್ರಿ, ಚಂದ ಹಚ್ಚ್ಯಾರ." ಎರಡನೆಯ ಡೋಸು ಅದರಲ್ಲೇ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಅವಳ ರವಿಕೆಯ ಕೊರಳು ಬಿಗಿಯಾಯಿತು.

ಬೇರೆ ಯಾರಾದರೂ ಆಗಿದ್ದರೆ ಮುಖ ಸ್ವಲ್ಪ ಊದಿದೆ ಎಂದು ಸುಮ್ಮನಿರುತ್ತಿದ್ದರು. ಇವಳು ದಿನಾ ಬೆಳಿಗ್ಗೆ ಕೊರಳಿಗೆ ಟೇಪು ಸುತ್ತಿ, ಕ್ಯಾಲೆಂಡರಿನ ಆಯಾ ತಾರೀಖಿನ ಮೇಲೆ ಬರೆದಿಟ್ಟಳು. ಹದಿಮೂರು, ಹದಿಮೂರೂ ಕಾಲು, ಹದಿಮೂರೂವರೆ. ಹದಿನಾಲ್ಕಕ್ಕೆ ಬಂದ ದಿನ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದಳು. ಜೊತೆಗೆ ನಾನು ಹೋದೆ. ಅವಳಿಗಿದ್ದ ಒಬ್ಬಳೇ ಮಗಳು ರೇಖಾ ಯಲ್ಲಾಪುರದಲ್ಲಿ ಗಂಡನ ಮನೆಯಲ್ಲಿ ಹಸಿ ಬಾಣಂತಿ. ಅತ್ತೆಯವರೇ ನನ್ನನ್ನು ಎಬ್ಬಿಸಿದ್ದು. "ಆಸ್ಪತ್ರೆ ಕಾಗದ ಎಲ್ಲ ಇಂಗ್ಲೀಷಲ್ಲೇ ಇರ್ತಡ. ನೀ ಹೋಗೇ. ಕಾನ್ವೆಂಟಿಗೆ ಹೋಗಿದ್ದು ಇದಕ್ಕಾದ್ರೂ ಬರ್ಲಿ."

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಅವರ ಬಿಳಿ ಕೋಟಿನ ಭುಜ ತೋಳಿನ ಮೇಲೆ ಎರಡು ಇಂಚು ಜೋತು ಬಿದ್ದಿತ್ತು. ನೀಲಕ್ಕ ಅವರ ಮುಖವನ್ನು ಬಿಟ್ಟು ಅದನ್ನೇ ನೋಡುತ್ತಿದ್ದಳು. ಅವರು ಕ್ಯಾಲೆಂಡರಿನ ಲೆಕ್ಕವನ್ನು ಎರಡು ಸಲ ಓದಿ, ಕೂಡಲೇ ಸ್ಕ್ಯಾನಿಗೆ ಕಳಿಸಿದರು. ಕೊಳವೆಯ ಸುತ್ತ ರಕ್ತ ಹೆಪ್ಪುಗಟ್ಟಿ ಎದೆಯ ದೊಡ್ಡ ನಾಳವೇ ಮುಚ್ಚಿಹೋಗಿತ್ತು. ಒಳಗುಂಡಿಯನ್ನು ತೆಗೆದರು. ರಕ್ತ ತೆಳ್ಳಗಾಗುವ ಔಷಧ ಕೊಟ್ಟರು. ವಾರಗಳು ಕಳೆದು ಊತ ಇಳಿಯಿತು, ನಾಳ ಮಾತ್ರ ತೆರೆಯಲಿಲ್ಲ. ಇನ್ನೂ ನಾಲ್ಕು ಡೋಸು ಬಾಕಿ ಇತ್ತು.

ಮತ್ತೆ ಕ್ಯಾಲೆಂಡರಿನ ಸಮೇತ ತೋರಿಸಲು ಹೋದ ದಿನ ಡಾಕ್ಟರು ಕಾಗದದ ಹಿಂಬದಿಯಲ್ಲಿ ಒಂದು ಮನುಷ್ಯಾಕೃತಿ ಬರೆದರು. ಮೇಲಿನಿಂದ ಹೃದಯಕ್ಕೆ ಹೋಗುವ ನಾಳಕ್ಕೆ ಅಡ್ಡ ಗೀಟು ಎಳೆದರು. ಕೆಳಗಿನಿಂದ ಬರುವ ಇನ್ನೊಂದು ದೊಡ್ಡ ನಾಳ ಹೊಟ್ಟೆಯೊಳಗೆ ಇದೆ, ಅದು ತೆರೆದಿದೆ, ಅದಕ್ಕೆ ಕಾಲಿನ ಕಡೆಯಿಂದ ಕೊಳವೆ ಏರಿಸಬಹುದು ಎಂದು ವಿವರಿಸಿದರು. ಮೊದಲು ಒಂದು ತೆಳ್ಳಗಿನ ತಂತಿ ಹೋಗುತ್ತದೆ, ಅದರ ಬೆನ್ನಿಗೆ ಕೊಳವೆ. ನೀಲಕ್ಕನ ಮುಖ ಅರಳಿತು.

"ಲಾಡಿ ಹಾಕಿದಂಗ" ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ಲಂಗದ ಸೊಂಟಪಟ್ಟಿಯೊಳಗೆ ಲಾಡಿ ತೂರಿಸುವಾಗ ತುದಿಗೆ ಒಂದು ಪಿನ್ನು ಸಿಕ್ಕಿಸಿ ದೂಡುತ್ತೇವೆ, ಒಂದು ಕಡೆ ಬಾಯಿ ಹೊಲಿದುಹೋಗಿದ್ದರೆ ಇನ್ನೊಂದು ಕಡೆಯಿಂದ ತೂರಿಸುತ್ತೇವೆ ಎಂದು ನಾನು ಹೇಳಬೇಕಾಯಿತು. ಅವರು ಸ್ವಲ್ಪ ಯೋಚಿಸಿ, ಹೌದು, ಹಾಗೆಯೇ ಎಂದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ನೀಲಕ್ಕ ಕಾಲಿನ ಯಾವ ಭಾಗದಿಂದ ಎಂದು ಕೇಳಿದಳು. ತೊಡೆಯ ಸಂದಿನ ಹತ್ತಿರ ಎಂದು ಡಾಕ್ಟರು ಹೇಳಿದರು. ಅವಳು ಚೀಲ ಎತ್ತಿಕೊಂಡು, ಕ್ಯಾಲೆಂಡರನ್ನು ಸುರುಳಿ ಸುತ್ತಿ, ನಮಸ್ಕಾರ ಹೇಳಿ ಹೊರಗೆ ನಡೆದಳು.

ಅವಳ ಹಿಂದೆ ಓಡಬೇಕೋ, ಡಾಕ್ಟರ ಮಾತು ಕೇಳಬೇಕೋ ತಿಳಿಯದೆ ನಾನು ಬಾಗಿಲಲ್ಲಿ ನಿಂತೆ. ಉಳಿದ ನಾಲ್ಕು ಡೋಸು ಹೋಗದಿದ್ದರೆ ಹಿಂದಿನವೂ ವ್ಯರ್ಥವಾಗಬಹುದು, ಎರಡು ವಾರಕ್ಕಿಂತ ಹೆಚ್ಚು ಕಾಯುವಂತಿಲ್ಲ, ಹೇಗಾದರೂ ಮಾಡಿ ಒಪ್ಪಿಸಿ ಎಂದು ಅವರು ನನಗೆ ಹೇಳಿದರು.

ಮೊಮ್ಮಗುವನ್ನು ನೋಡಬೇಕೆಂದು ಯಲ್ಲಾಪುರದ ಮೇಲೆ ಹೋಗುವ ಬಸ್ಸಿಗೇ ಹತ್ತಿದ್ದೆವು. ಕಲಘಟಗಿ ದಾಟುವವರೆಗೆ ಅವಳು ಡಾಕ್ಟರ ಕೋಟಿನ ವಿಷಯವನ್ನೇ ಮಾತಾಡಿದಳು. ಯಾವನೋ ರೆಡಿಮೇಡಿನವನು ಆ ಪಾಪದ ಹುಡುಗನಿಗೆ ಅವರಪ್ಪನ ಅಳತೆಯದು ಕೊಟ್ಟಿದ್ದಾನೆ, ಅಂಥ ಕೋಟು ಹಾಕಿಕೊಂಡವರ ಕೈಯಲ್ಲಿ ಯಾರು ಧೈರ್ಯವಾಗಿ ಮೈ ಕೊಡುತ್ತಾರೆ ಎಂದು. ನಾನು ಮೆಲ್ಲಗೆ ನಾಲ್ಕು ಡೋಸಿನ ಮಾತು ತೆಗೆದೆ. ಅವಳು ಕಿಟಕಿಯ ಕಡೆ ತಿರುಗಿದಳು.

"ನನ್ನ ಮನೆಯವರು ಹೋಗಿ ಹನ್ನೊಂದು ವರ್ಷ ಆತ್ರಿ. ಆ ಮನುಷ್ಯನೂ ನನ್ನ ತೊಡಿ ಬೆಳಕಿನಾಗ ನೋಡಿಲ್ಲ. ನಾ ಇಷ್ಟು ಮಂದಿ ಹೆಂಗಸರ ಅಳತಿ ತಗೊಂಡೀನಿ, ಒಬ್ಬರದಾದ್ರೂ ಸೆರಗು ಸರಿಸೀನೇನು ಕೇಳ್ರಿ. ಮಂದಿ ಮಾನ ಅಷ್ಟು ಕಾಯ್ದಾಕಿ, ನನ್ನದು ಕಾಯ್ಕೋಬಾರದೇನು? ವಾರಕ್ಕೊಮ್ಮೆ ಯಾರ್ಯಾರೋ ಬಂದು ಲಂಗ ಎತ್ತಿ ನೋಡೋದು ಅಂದ್ರ, ಅದಕ್ಕಿಂತ ನಾ ಹೋಗೋದ ಪಾಡು."

ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಎಂಬ ಪಾಠವನ್ನು ನಾನೂ ಹತ್ತು ವರ್ಷ ಕಲಿತವಳೇ. ಒಂದು ಕಿತ್ತಳೆ ಸುಲಿದು ಕೊಟ್ಟೆ. ಎಳೆಯೆಲ್ಲ ಬಿಡಿಸಿ ತಿಂದಳು.

ಆಮೇಲೆ ದಿನಾ ಅವಳ ಅಂಗಡಿಗೆ ಹೋಗಿ ಕೂತು ಬರುತ್ತಿದ್ದೆ. ದೇವರು, ಮಗಳು, ಮೊಮ್ಮಗು ಎಲ್ಲರನ್ನೂ ಮುಂದೆ ಮಾಡಿ ನೋಡಿದೆ. ಅವಳು ಮಶೀನನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು, ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಅವಳೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಯಾವುದೋ ಮಗುವಿನ ಅರ್ಧ ಹೊಲಿದ ಲಂಗ, ಕಿವಿಯ ಹಿಂದೆ ಸೀಮೆಸುಣ್ಣ.

"ಆ ಡಾಕ್ಟರಿಗೆ ಫೋನ್ ಹಚ್ಚ್ರಿ. ಒಂದು ಮಾತು ಕೇಳ್ಬೇಕು. ಲಾಡಿ ಒಳಗ ಹೋಗೋದು ಒಂದು ಕಡೆ, ಹೊರಗ ಬರೋ ಬಾಯಿ ಇನ್ನೊಂದು ಕಡೆ ಇಡಾಕ ಬರ್ತೈತೇನು?"

ನಾನು ಫೋನು ಹಚ್ಚಿದೆ. ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ತೊಡೆ ಎಂಬ ಶಬ್ದವನ್ನು ಆದಷ್ಟು ಸಣ್ಣ ದನಿಯಲ್ಲಿ ಹೇಳಿ, ಕೇಳಿದೆ. ಅತ್ತೆಯವರು ಟೀವಿಯನ್ನು ಬಂದ್ ಮಾಡಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಕಡೆಯಿಂದ ಡಾಕ್ಟರು, ಬರುತ್ತದೆ, ನಾವು ಮಾಡುವುದೂ ಹಾಗೆಯೇ, ಸಂದಿನ ಹತ್ತಿರ ನಾಳಕ್ಕೆ ಹಾಕಿದ ಕೊಳವೆಯನ್ನು ಚರ್ಮದ ಒಳಗಿನಿಂದಲೇ ಕೆಳಗೆ ತಂದು ಹೊರಗೆ ಬಿಡುತ್ತೇವೆ, ಅವತ್ತು ಇದನ್ನು ಹೇಳುವುದರೊಳಗೆ ಅವರು ಎದ್ದುಹೋದರು ಎಂದರು. ಹಾಕುವ ದಿನವೂ ಮೈಯೆಲ್ಲ ಮುಚ್ಚಿ ಅಂಗೈಯಗಲ ಜಾಗ ಮಾತ್ರ ತೆರೆದಿರುತ್ತದೆ, ಆಮೇಲೆ ವಾರಕ್ಕೊಮ್ಮೆ ನರ್ಸು ನೋಡುವುದು ಕೊಳವೆಯ ಬಾಯಿಯನ್ನಷ್ಟೇ ಎಂದೂ ಹೇಳಿದರು. ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ ಇಡಲಿ ಎಂದಳು ನೀಲಕ್ಕ. ಕಾಲು ಮಡಚಿದಾಗ ಕೊಳವೆಯೂ ಮಡಚುತ್ತದೆ, ಅಷ್ಟು ಕೆಳಗೆ ಆಗದು ಎಂದರು ಡಾಕ್ಟರು. ಹಾಗಾದರೆ ಎಂಟು ಬೆರಳು. ಅದೂ ಆಗದು. ತರಕಾರಿ ಪೇಟೆಯ ಚೌಕಾಶಿಯಂತೆ ನಡೆದು, ಕೊನೆಗೆ ಒಂದು ಗೇಣಿಗೆ ಬಂದು ನಿಂತಿತು. ಆಗ ಅತ್ತೆಯವರು ಬಾಯಿ ಹಾಕಿದರು.

"ಒಂದು ಗೇಣು ಅಂದ್ರೆ ಯಾರ ಗೇಣೇ? ಡಾಕ್ಟ್ರದ್ದಾ, ನೀಲಕ್ಕಂದಾ? ಮೊದ್ಲು ಅದನ್ನ ಕೇಳು."

ಎಂಟು ಇಂಚು ಎಂದು ಖಚಿತವಾಯಿತು. ಹೊರಗೆ ಬಿಡುವ ಬಾಯಿ ತೊಡೆಯ ಹೊರಬದಿಗೆ ಇರಬೇಕು ಎಂಬುದನ್ನೂ ನೀಲಕ್ಕ ಸೇರಿಸಿದಳು. ಲಂಗಕ್ಕೆ ಅಲ್ಲೊಂದು ಕಿಂಡಿ ಇಟ್ಟು, ಮೇಲೊಂದು ಪಟ್ಟಿ, ನಾಲ್ಕು ಟಿಚ್ ಗುಂಡಿ. ಗುಂಡಿ ತೆಗೆದರೆ ಕೊಳವೆ, ಹಾಕಿದರೆ ಮಾನ. ಲಂಗ ಎತ್ತುವ ಮಾತೇ ಇಲ್ಲ.

ಕೊಳವೆ ಹಾಕಿಸಿಕೊಳ್ಳುವ ದಿನ ಅವಳು ಮನೆಯಿಂದಲೇ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು ಬಂದಿದ್ದಳು. ನರ್ಸು ಅದನ್ನು ಕಂದು ಔಷಧದಲ್ಲಿ ಒರೆಸಿಬಿಟ್ಟಾಗ ಇವಳು ಎದ್ದು ಕೂರಲು ಹೋದಳಂತೆ. ಡಾಕ್ಟರು ತಮ್ಮದೇ ಸ್ಕೇಲಿನಲ್ಲಿ ಮತ್ತೆ ಎಂಟು ಇಂಚು ಅಳೆದು ತೋರಿಸಿದ ಮೇಲೆಯೇ ಮಲಗಿದ್ದು. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ಅವಳು ಎಚ್ಚರವಾಗಿಯೇ ಇದ್ದಳು. ಹೊರಗೆ ಬಂದವಳೇ ಕೊಳವೆ ಅಲುಗದಂತೆ ಹಾಕಿದ್ದ ಎರಡು ಹೊಲಿಗೆಗಳನ್ನು ಬಗ್ಗಿ ನೋಡಿದಳು.

"ಡಾಕ್ಟ್ರ, ಇದು ಬರೇ ಕಚ್ಚಾ ಹೊಲಿಗಿ."

"ತೆಗೆಯೋದಕ್ಕೇ ಹಾಕಿದ್ದು, ನೀಲಕ್ಕ."

"ಹಂಗಾದ್ರ ಅಡ್ಡಿಯಿಲ್ಲ. ನಿಮ್ಮ ಕೋಟು ಬಿಚ್ಚಿ ಕೊಡ್ರಿ."

ಅವರು ನಿಜವಾಗಿಯೂ ಬಿಚ್ಚಿಕೊಟ್ಟರು. ಸಂಜೆಯೊಳಗೆ, ಹಾಸಿಗೆಯಲ್ಲಿ ಒರಗಿಕೊಂಡೇ, ಕೈಹೊಲಿಗೆಯಲ್ಲಿ ಎರಡೂ ಭುಜ ಎತ್ತಿ ಕೊಟ್ಟಳು. ಮರುದಿನ ಆ ಕೋಟಿನಲ್ಲಿ ಡಾಕ್ಟರು ಬಂದಾಗ ನಾನೇ ಮೊದಲು ಯಾರೋ ಹಿರಿಯ ಡಾಕ್ಟರು ಎಂದುಕೊಂಡು ಎದ್ದು ನಿಂತೆ.

ಆದರೆ ಲಂಗ ಕೈಕೊಟ್ಟಿತು. ಮೂರನೆಯ ಡೋಸಿನ ದಿನ ನೀಲಕ್ಕ ಮದುವಣಗಿತ್ತಿಯಂತೆ ಸೀರೆ ನೆರಿಗೆ ಹಿಡಿದು ಹಾಸಿಗೆಗೆ ಏರಿದಳು. ನರ್ಸು ಬಂದರು. ನೀಲಕ್ಕ ಸೀರೆಯ ಬದಿಯನ್ನು ಸ್ವಲ್ಪವೇ ಸರಿಸಿ, ನಾಲ್ಕು ಗುಂಡಿಯನ್ನು ಪಟಪಟನೆ ತೆಗೆದು, ನೋಡಿ ಎಂಬಂತೆ ಮುಖ ಮಾಡಿದಳು. ಕಿಂಡಿಯಲ್ಲಿ ಕಂಡದ್ದು ಬರೀ ತೊಡೆ. ಕೊಳವೆ ಅಲ್ಲಿಂದ ಮೂರು ಬೆರಳು ಆಚೆ, ಬಟ್ಟೆಯ ಒಳಗೆ ಉಳಿದಿತ್ತು. ಆ ಕಡೆ ಎಳೆದರೂ ಇಲ್ಲ, ಈ ಕಡೆ ಎಳೆದರೂ ಇಲ್ಲ. ಕೊನೆಗೆ ನರ್ಸು, ಸ್ವಲ್ಪ ಎತ್ತುತ್ತೇನೆ ಅಕ್ಕ ಎಂದು, ಲಂಗವನ್ನು ಎತ್ತಿಯೇ ಕೆಲಸ ಮುಗಿಸಿದರು. ನೀಲಕ್ಕ ಗೋಡೆಗೆ ಮುಖ ಮಾಡಿದವಳು ಡೋಸು ಮುಗಿಯುವವರೆಗೆ ಈ ಕಡೆ ತಿರುಗಲಿಲ್ಲ. ಇನ್ನು ಇವಳು ಬರುವುದಿಲ್ಲ, ಉಳಿದ ಮೂರು ಡೋಸು ಇಲ್ಲಿಗೇ ನಿಂತಿತು ಎಂದೇ ನಾನು ಅಂದುಕೊಂಡೆ. ಸಂಜೆ ಬಸ್ಸಿನಲ್ಲಿ ಅವಳೇ ಬಾಯಿ ಬಿಟ್ಟಳು. ಅವಳ ಸಂಕಟ ಬೇರೆಯೇ ಇತ್ತು.

"ನಲವತ್ತು ವರ್ಷದಾಗ ನಾ ಕೊಟ್ಟ ಅಳತಿ ತಪ್ಪಿದ್ದು ಇದ ಮೊದಲು. ಯಾಕ ಗೊತ್ತೈತೇನ್ರಿ? ನಿಂತು ಅಳತಿ ತಗೊಂಡೆ. ಹಾಸಿಗಿ ಮ್ಯಾಲ ಬಿದ್ದ ಕೂಡಲೇ ಬಟ್ಟಿ ಒಂದು ಕಡೆ, ಮೈ ಒಂದು ಕಡೆ. ಮಲಗಿದವರ ಅಳತಿ ಯಾವ ಟೇಲರ್ ತಗೋತಾನ್ರಿ? ಅದನ್ನ ತಗೊಳ್ಳೋ ಮಂದೀನ ಬ್ಯಾರೆ."

ಹೇಳಿ ತಾನೇ ಮೊದಲು ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕಳು.

ಮರುದಿನವೇ ನಮ್ಮ ದಿವಾನದ ಮೇಲೆ ಅಂಗಾತ ಮಲಗಿ, ಟೇಪನ್ನು ನನ್ನ ಕೈಗೆ ಕೊಟ್ಟಳು. ಅವಳ ಟೇಪನ್ನು ಇನ್ನೊಬ್ಬರು ಮುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅದೇನು ಹಾವೇನ್ರಿ, ಗಟ್ಟಿ ಹಿಡೀರಿ" ಎಂದಳು. ಕಾಲು ಚಾಚಿದಾಗ ಎಷ್ಟು, ಮಡಚಿದಾಗ ಎಷ್ಟು, ಮಗ್ಗುಲಾದಾಗ ಎಷ್ಟು ಎಂದು ನಾನು ಅಳೆದು ಬರೆದುಕೊಂಡೆ. ಅತ್ತೆಯವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಯಾರೂ ಒಳಗೆ ಬರದಂತೆ ಕಾದರು. ಆ ಅಳತೆಗೆ ಹೊಲಿದ ಹೊಸ ಲಂಗದ ಕಿಂಡಿ ನಿಂತಾಗ ನೋಡಿದರೆ ಸೊಟ್ಟಗೆ, ಎಲ್ಲೋ ತಪ್ಪಿ ಹೊಲಿದ ಹಾಗೆ ಕಾಣುತ್ತಿತ್ತು. ಮಲಗಿದರೆ ಕೊಳವೆಯ ಬಾಯಿಗೇ ಬಂದು ಕೂರುತ್ತಿತ್ತು. ನಾಲ್ಕನೆಯ ಡೋಸಿಗೆ ನರ್ಸು ಗುಂಡಿ ತೆಗೆದು, ಮುಖ ಎತ್ತಿ, ಇದನ್ನು ಎಲ್ಲಿ ತಗೊಂಡಿರಿ ಎಂದು ಕೇಳಿದರು. ನೀಲಕ್ಕ ಕಣ್ಣು ಮುಚ್ಚಿ, ಡೋಸು ಮುಗಿಯುವವರೆಗೆ ಗೊರಕೆ ಹೊಡೆದಳು.

ಐದನೆಯ ಡೋಸಿಗೆ ಹೋದಾಗ ಪಕ್ಕದ ಹಾಸಿಗೆಯಲ್ಲಿ ಯಲ್ಲಾಪುರದ ಒಬ್ಬ ಮುಸ್ಲಿಂ ಹೆಂಗಸು ಇದ್ದರು. ಅವರಿಗೂ ಮೇಲಿನ ನಾಳಗಳು ಮುಚ್ಚಿದ್ದವು, ಅವರೂ ತೊಡೆ ಎಂದ ಕೂಡಲೇ ಬೇಡ ಎಂದು ಕೂತಿದ್ದರು. ನೀಲಕ್ಕ ಔಷಧದ ಬಾಟಲಿ ತೂಗುವ ಕಂಬವನ್ನು ತಳ್ಳಿಕೊಂಡು ಅವರ ಹಾಸಿಗೆಯ ಬಳಿ ಹೋಗಿ, ಪರದೆ ಎಳೆದು, ಒಳಗೆ ಅದೇನು ತೋರಿಸಿದಳೋ. ಹದಿನೈದು ನಿಮಿಷದ ಮೇಲೆ ಪರದೆಯ ಒಳಗಿನಿಂದ ನನಗೆ ಆಜ್ಞೆ ಬಂತು, ಅಳತಿ ಬರ್ಕೋರಿ ಎಂದು. ಆಮೇಲೆ ವಾರವಾರ ಕೊಳವೆ ತೋರಿಸಲು ಹೋದಾಗಲೆಲ್ಲ ಯಾರಾದರೊಬ್ಬರು ಕಾದಿರುತ್ತಿದ್ದರು. ಸಲವಾರಕ್ಕೆ ಕಿಂಡಿ, ನೈಟಿಗೆ ಕಿಂಡಿ. ಮಲಗಿಯೇ ಅಳತೆ ಕೊಡಬೇಕು ಎಂಬುದು ಮಾತ್ರ ಅವಳ ಕಟ್ಟಪ್ಪಣೆ.

ನಾಲ್ಕೂ ಡೋಸು ಮುಗಿದವು. ಕೊಳವೆ ತೆಗೆದ ದಿನ ಅದನ್ನು ನೋಡಬೇಕೆಂದು ಹಟ ಹಿಡಿದು, ಟ್ರೇಯ ಪಕ್ಕದಲ್ಲಿ ಟೇಪು ಚಾಚಿ ಅಳೆದಳು. "ಇಪ್ಪತ್ತೊಂದು ಇಂಚು. ಇಷ್ಟುದ್ದದ ಲಾಡಿ ಒಳಗಿಟ್ಕೊಂಡು ಬಸ್ಸಿನಾಗ ಓಡಾಡೀನಿ ನೋಡ್ರಿ." ಅದಾದ ಮೇಲೆ ಹದಿನಾಲ್ಕು ತಿಂಗಳು ಅಂಗಡಿಯ ಬಾಗಿಲು ತೆರೆದೇ ಇತ್ತು. ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ. ಮೊಮ್ಮಗಳಿಗೆ ಹೊಲಿದ ಅಂಗಿಗಳಿಗೆ ಲೆಕ್ಕವಿಲ್ಲ. ಮಗು ನಡೆಯುವುದನ್ನೂ ನೋಡಿದಳು, ಓಡುವುದನ್ನೂ ನೋಡಿದಳು.

ಕಾಯಿಲೆ ಯಕೃತ್ತಿಗೆ ಬಂದ ಮೇಲೆ ರೇಖಾ ಅವಳನ್ನು ಯಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಇನ್ನು ಡೋಸಿನಿಂದ ಉಪಯೋಗವಿಲ್ಲ, ಆರಾಮವಾಗಿ ಇಟ್ಟುಕೊಳ್ಳಿ ಎಂದು ಅದೇ ಡಾಕ್ಟರು ಹೇಳಿದ್ದರು. ನಾನು ಕೊನೆಯ ಸಲ ಹೋದದ್ದು ಒಂದು ಭಾನುವಾರ. ನೀಲಕ್ಕ ಹಾಸಿಗೆಯಲ್ಲಿ ಅರ್ಧದಷ್ಟಾಗಿದ್ದಳು. ರೇಖಾ ಇದ್ದಳು, ಅಳಿಯ ಬಾಗಿಲ ಹತ್ತಿರ ನಿಂತಿದ್ದರು. ಸಲೈನು ಹಾಕಲು ಹತ್ತಿರದ ದವಾಖಾನೆಯಿಂದ ಒಬ್ಬ ಹುಡುಗಿ ನರ್ಸು ಬಂದಿದ್ದಳು. ಅವಳು ಕೈಯನ್ನು ತಟ್ಟಿ ತಟ್ಟಿ, ಒಂದು ಕಡೆ ಚುಚ್ಚಿ, ಇನ್ನೊಂದು ಕಡೆ ಚುಚ್ಚಿ, ಅಳುವ ಮುಖ ಮಾಡಿದಳು.

"ಕೈಯಾಗ ಏನೂ ಉಳಿದಿಲ್ಲವ್ವ. ಇಲ್ಲಿ ನೋಡು" ಎಂದು ನೀಲಕ್ಕ, ನಾವು ಯಾರೂ ತಿಳಿಯುವುದರೊಳಗೆ, ಸೀರೆಯನ್ನೂ ಲಂಗವನ್ನೂ ಒಟ್ಟಿಗೆ ಹಿಡಿದು ಮೊಣಕಾಲಿನ ಮೇಲಕ್ಕೆ, ಒಂದು ಗೇಣಿಗೂ ಮೇಲಕ್ಕೆ ಎಳೆದುಕೊಂಡಳು. ಅಳಿಯ ಗಬಕ್ಕನೆ ಗೋಡೆಗೆ ತಿರುಗಿ, ಅಲ್ಲಿದ್ದ ಸ್ವಿಚ್ ಬೋರ್ಡನ್ನು ನೋಡತೊಡಗಿದರು. ಮಧ್ಯಾಹ್ನದ ಬಿಸಿಲು ನೇರವಾಗಿ ಹಾಸಿಗೆಯ ಮೇಲಿತ್ತು. ತೊಡೆಯ ಹೊರಬದಿಯಲ್ಲಿ ಎಳ್ಳಿನಷ್ಟು ಒಂದು ಗುರುತು.

ಅಲ್ಲಿ ಈಗ ಟ್ಯೂಬಿಲ್ಲ ಅಜ್ಜಿ, ಅಲ್ಲಿಂದ ಮನೆಯಲ್ಲಿ ಹಾಕಲಿಕ್ಕೆ ನನಗೆ ಬರುವುದಿಲ್ಲ ಎಂದು ಹುಡುಗಿ ಮೆಲ್ಲಗೆ ಹೇಳಿ, ಪಾದದ ಹತ್ತಿರ ಒಂದು ಸಣ್ಣ ನರ ಹುಡುಕಿಕೊಂಡಳು. ಸಲೈನು ಹನಿಯತೊಡಗಿತು. ಬಟ್ಟೆ ಹಾಗೆಯೇ ಮೇಲಿತ್ತು. ನನಗೆ ತಡೆಯಲಾಗಲಿಲ್ಲ. ಸೀರೆಯ ಅಂಚನ್ನು ಹಿಡಿದು, ಮೊಣಕಾಲು ಮುಚ್ಚುವಂತೆ ಕೆಳಗೆ ಎಳೆಯಲು ಹೋದೆ.

ಅದಾಗಿ ಒಂಬತ್ತನೆಯ ದಿನ ನೀಲಕ್ಕ ಹೋದಳು ಎಂದು ರೇಖಾ ಫೋನು ಮಾಡಿದಳು. ಆ ಭಾನುವಾರದ ಉಳಿದ ಮಾತುಗಳೆಲ್ಲ ಈಗ ಮಸುಕಾಗಿವೆ. ನೀಲಕ್ಕ ನನ್ನ ಕೈಯನ್ನು ಹಗುರಾಗಿ ಸರಿಸಿದ್ದು ಮಾತ್ರ ನೆನಪಿದೆ.

"ಇರ್ಲಿ ಬಿಡ್ರಿ ಕಾನ್ವೆಂಟಮ್ಮಾರ" ಎಂದಿದ್ದಳು. "ಸ್ವಲ್ಪ ಗಾಳಿ ಆಡ್ಲಿ."